ನೆಡ್ ಗಕಿಯನ್‌ಗೆ ಬಿಟ್ಟ ಸಾಲು

ನೆಡ್ ಗಕಿಯನ್‌ನ ಮುಖ ನೋಡುವ ಮೊದಲೇ ಅವನ ಕೆಮ್ಮಿನ ಪರಿಚಯ ನನಗಾಗಿತ್ತು. ಮಗಳು ಶರ್ಮಿಳಾ ಐರ್ಲೆಂಡಿನ ಸ್ಲೈಗೋ ಆಸ್ಪತ್ರೆಯಲ್ಲಿ ಡಾಕ್ಟರು. ಅಳಿಯ ಮಯೂರ್‌ನ ಆಫೀಸು ಡಬ್ಲಿನ್‌ನ ಸಿಟಿವೆಸ್ಟ್‌ನಲ್ಲಿದ್ದರೂ ಕೆಲಸ ಮನೆಯಿಂದಲೇ. ಮನೆ ಸಿಕ್ಕಿದ್ದು ಲೀಟ್ರಿಮ್ ಗುಡ್ಡದ ಈ ಊರಿನಲ್ಲಿ, ಹಾಗಾಗಿ ಇಲ್ಲೇ ನೆಲೆ ನಿಂತರು. ಮೊಮ್ಮಗಳು ತನ್ವಿಯನ್ನು ನೋಡಿಕೊಳ್ಳಲು ನಾನು ಬಂದೆ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಬಂದ ಮಾರನೇ ಬೆಳಿಗ್ಗೆ ಅಕ್ಕಿ ತೊಳೆಯುತ್ತಾ ನಿಂತಿದ್ದಾಗ ಆ ಗೋಡೆಯ ಆಚೆಯಿಂದ ಕೆಮ್ಮು ಕೇಳಿಸಿತು. ಮೊದಲು ಗಂಟಲು ಕೆರೆದ ಹಾಗೆ, ಆಮೇಲೆ ಆಳದಿಂದ ಏನನ್ನೋ ಎಳೆದ ಹಾಗೆ, ಕೊನೆಯಲ್ಲಿ ಸಣ್ಣ ಶಿಳ್ಳೆ.

"ಪಕ್ಕದ ಮನೆಯೋರು ಗಣೀಲಿ ಕೆಲಸ ಮಾಡಿದ್ರಾ?" ಅಂತ ಶರ್ಮಿಳಾಳನ್ನು ಕೇಳಿದೆ.

"ಹೌದು. ನಿಂಗ್ಯಾರಮ್ಮ ಹೇಳಿದ್ರು?"

ಯಾರು ಹೇಳಬೇಕು? ನಮ್ಮ ಯಜಮಾನರು ಮುನಿವೆಂಕಟಪ್ಪನವರು ಕೋಲಾರದ ಕಡೆಯ ಚಿನ್ನದ ಗಣಿಯಲ್ಲಿ ಬಂಡೆ ಕೊರೆದವರು. ಧೂಳು ಎದೆಯಲ್ಲಿ ಕೂತವರ ಕೆಮ್ಮಿಗೆ ಮೆಟ್ಟಿಲುಗಳಿರುತ್ತವೆ. ಮೊದಲು ಗಂಟಲಿನ ಕೆಮ್ಮು, ಆಮೇಲೆ ಎದೆಯ ಕೆಮ್ಮು, ಆಮೇಲೆ ಗೋಡೆಗೊರಗಿ ಕೂತೇ ನಿದ್ದೆ ಮಾಡಿಸುವ ಕೆಮ್ಮು. ಗೋಡೆಯಾಚೆಯ ಮನುಷ್ಯ ಎರಡನೆಯದನ್ನು ದಾಟುತ್ತಿದ್ದ. ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಅವನ ಬದುಕಿನ ವಿಷಯ ಅರ್ಧ ಅವನೇ ಹೇಳಿದ್ದು, ಅರ್ಧ ಅವನ ಹೆಂಡತಿ ನೋರಾ ಹೇಳಿದ್ದು. ನಾನು ಶಾಲೆಗೆ ಹೋಗಿದ್ದು ಮೂರನೇ ಕ್ಲಾಸಿನವರೆಗೆ ಮಾತ್ರ. ಆದರೂ ಗಣಿ ಕಾಲೋನಿಯಲ್ಲಿ ಕಿವಿಗೆ ಬಿದ್ದಿದ್ದ ಇಂಗ್ಲಿಷು ಇಲ್ಲಿ ಕೈ ಹಿಡಿಯಿತು. ಅವರ ಮಾತನ್ನು ನಮ್ಮ ಮಾತಿನಲ್ಲೇ ಬರೆದಿದ್ದೇನೆ. ಇಲ್ಲಿ ದೊಡ್ಡವರು ಚಿಕ್ಕವರು ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುವುದರಿಂದ ನಾನೂ ನೆಡ್ ಅಂತಲೇ ಅನ್ನುತ್ತೇನೆ. ನೋರಾ ಮಾತ್ರ ನನ್ನನ್ನು ಮಿಸೆಸ್ ಗಂಗಾ ಅನ್ನುತ್ತಾಳೆ.

ಈ ಗುಡ್ಡದೊಳಗಿನ ಕಲ್ಲಿದ್ದಲು ಒಂದೂವರೆ ಅಡಿ ದಪ್ಪದ ಪದರ, ಅಷ್ಟೇ. ನಮ್ಮವರು ಎದ್ದು ನಿಂತು ಬಂಡೆ ಕೊರೆಯುತ್ತಿದ್ದರು. ಇವರು ಮಗ್ಗುಲಾಗಿ ಮಲಗಿ ಅಗೆಯಬೇಕಿತ್ತು. ಎಡಭುಜ ನೆಲಕ್ಕೆ, ನೆಲದ ತುಂಬ ನೀರು, ಬಲಗೈಯಲ್ಲಿ ಗುದ್ದಲಿ. ನೆಡ್ ಹದಿನೈದರ ವಯಸ್ಸಿನಲ್ಲಿ ಒಳಗೆ ಹೋಗಿ ಅಣ್ಣ ಪ್ಯಾಕಿಯ ಪಕ್ಕ ಮಲಗಿದ. ಮುಂದೆ ಪ್ಯಾಕಿ, ಹಿಂದೆ ಇವನು. ಅಣ್ಣ ಅಗೆದು ತಳ್ಳಿದ್ದನ್ನು ಇವನು ಎಳೆದು ಗಾಡಿಗೆ ತುಂಬಬೇಕು. ದಿನವಿಡೀ ಇವನ ಕಣ್ಣೆದುರಿಗೆ ಇದ್ದದ್ದು ಅಣ್ಣನ ಬೂಟಿನ ಹಿಮ್ಮಡಿ. ಒಂದು ದಿನ ತುಂಬಿದ ಗಾಡಿ ತಳ್ಳಿಕೊಂಡು ಗಣಿಯ ಬಾಯಿಗೆ ಹೋಗಿ ಬರುವಷ್ಟರಲ್ಲಿ ಮಾಡು ಕುಸಿದಿತ್ತು. ಹೊರಗೆ ತೆಗೆದಾಗ ಪ್ಯಾಕಿ ಎಡಮಗ್ಗುಲಿಗೇ ಮಲಗಿದ್ದನಂತೆ, ಇನ್ನೂ ಅಗೆಯುತ್ತಿರುವವನ ಹಾಗೆ. ಹೂಳಿ ಬಂದ ಮೇಲೆ ಸೋಮವಾರ ನೆಡ್ ಮತ್ತೆ ಅದೇ ಗಣಿಗೆ ಹೋದ. ಬೇರೆ ಕೆಲಸ ಎಲ್ಲಿತ್ತು? ಗಣಿ ಮುಚ್ಚಿದ ಮೇಲೆ ಕಾಡಿನಲ್ಲಿ ಮರ ಕಡಿಯುವ ಕೆಲಸಕ್ಕೆ ಸೇರಿದ. ಮರ ಕಡಿದದ್ದೆಲ್ಲ ಮರೆತಿದ್ದಾನೆ. ಮಲಗಿದ್ದು ಮಾತ್ರ ಮರೆತಿಲ್ಲ. ಈಗಲೂ ಅವನ ಎಡಭುಜ ಬಲಭುಜಕ್ಕಿಂತ ಕೆಳಗಿದೆ.

"ನನ್ನ ಎದೆಯಲ್ಲಿರೋದನ್ನ ತೋಡಿ ತೆಗೆದ್ರೆ ಈ ಚಳಿಗಾಲ ಪೂರ್ತಿ ಒಲೆ ಉರಿಯುತ್ತೆ" ಅಂತ ನಗುತ್ತಿದ್ದ. "ನೋರಾಗೆ ಗೊತ್ತಿಲ್ಲ, ಶ್ರೀಮಂತನ ಹೆಂಡತಿ ಅಂತ."

ಹೋದ ವರ್ಷ ಊರಿನವರು ಗಣಿಯಲ್ಲಿ ಸತ್ತವರಿಗೆ ಒಂದು ಸ್ಮಾರಕ ಕಲ್ಲು ನಿಲ್ಲಿಸಬೇಕೆಂದು ಸಭೆ ಸೇರಿದರು. ನೋರಾ ನನ್ನನ್ನೂ ಕರೆದುಕೊಂಡು ಹೋದಳು. ಸಭೆ ನಡೆಸುತ್ತಿದ್ದವಳು ಗೆರಾಲ್ಡೀನ್, ಮುಂಚೆ ಶಾಲೆಯಲ್ಲಿ ಟೀಚರಾಗಿದ್ದವಳು. ಒಳಗೇ ಸತ್ತವರ ಹೆಸರು ಮಾತ್ರವೋ, ಧೂಳು ತಿಂದು ಮನೆಯಲ್ಲಿ ಸತ್ತವರದ್ದೂ ಸೇರಬೇಕೋ ಅಂತ ಬಹಳ ಹೊತ್ತು ಜಗ್ಗಾಡಿ, ಕೊನೆಗೆ ಎರಡೂ ಥರದವರದ್ದು ಸೇರಲಿ ಅಂತ ಕೈ ಎತ್ತಿದರು. ಆಗ ನೆಡ್ ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತ.

"ಹಾಗಾದ್ರೆ ನಂದೂ ಹಾಕಿ."

"ನೀನಿನ್ನೂ ಸತ್ತಿಲ್ವಲ್ಲೋ ನೆಡ್!" ಅಂತ ಹಿಂದಿನಿಂದ ಯಾರೋ ಕೂಗಿದರು.

"ದಾರೀಲಿದ್ದೀನಿ, ಟ್ರಾಫಿಕ್ ಜಾಸ್ತಿ."

ಸಭೆಗೆ ಸಭೆಯೇ ನಕ್ಕಿತು. ನೋರಾ ನಗಲಿಲ್ಲ. ನೆಡ್ ಉಸಿರು ತಗೊಳ್ಳಲು ನಿಂತ. ಆ ಉಸಿರಿನ ಸದ್ದು ಕೇಳಿ ನಗುವೂ ನಿಂತಿತು.

"ಇವತ್ತು ಈ ಕಲ್ಲಿಗೋಸ್ಕರ ನೀವೆಲ್ಲ ಸೇರಿದ್ದೀರಿ. ನಾನು ಹೋದ್ಮೇಲೆ ಯಾರು ಸೇರ್ತಾರೆ? ನಂಗೆ ಮಕ್ಕಳಿಲ್ಲ. ಒಂದೇ ಒಂದು ಹೆಸರಿಗೆ ಯಾರು ಕೆತ್ತೋನನ್ನ ಕರೆಸ್ತಾರೆ? ಪ್ಯಾಕಿ ಹಿಂದೆ ಮಲಗಿದ್ದೋನು ನಾನು. ಅವನ ಕೆಳಗಿನ ಸಾಲು ನಂದು."

"ಬದುಕಿರೋರ ಹೆಸರು ಕೆತ್ತೋಕೆ ಆಗಲ್ಲ ನೆಡ್" ಅಂದಳು ಗೆರಾಲ್ಡೀನ್. "ಜಾಗ ಬಿಡ್ತೀವಿ. ಅಷ್ಟು ಮಾಡಬಹುದು."

ಅಷ್ಟು ಮಾಡಿದರು. ಬೂದು ಬಣ್ಣದ ಕಲ್ಲು ಲಾರಿಯಲ್ಲಿ ಬಂತು. ಹಿಂದೆ ಹುಡುಗರು ಚೆಂಡು ಹೊಡೆದು ಆಡುತ್ತಿದ್ದ ಹಳೆಯ ಗೋಡೆಯ ಮುಂದೆ ನಿಲ್ಲಿಸಿದರು. ಹೆಸರುಗಳನ್ನು ಕೆತ್ತಿ ಒಳಗೆ ಕಪ್ಪು ಬಣ್ಣ ತುಂಬಿದ್ದರು. ನೆಡ್‌ಗೋಸ್ಕರ ಕೊನೆಗಿಟ್ಟ ಹೆಸರು ಪ್ಯಾಕಿ ಗಕಿಯನ್. ಅದರ ಕೆಳಗೆ ಒಂದು ಸಾಲಿನಷ್ಟು ನುಣುಪಾದ ಖಾಲಿ ಜಾಗ. ಪಂಕ್ತಿಯಲ್ಲಿ ಎಲ್ಲರೂ ಕೂತು ಒಂದೇ ಒಂದು ಎಲೆ ಮುಂದೆ ಯಾರೂ ಇಲ್ಲದೆ ಬಿದ್ದಿದ್ದರೆ ಹೇಗಿರುತ್ತದೋ ಹಾಗೆ. ಬಡಿಸುವವರೂ ಕಾಯುತ್ತಿರುತ್ತಾರೆ, ಎಲೆಯೂ ಕಾಯುತ್ತಿರುತ್ತದೆ.

ಕಲ್ಲು ನಿಂತ ವಾರದಲ್ಲೇ ನೆಡ್‌ಗೆ ಮೂಗಿನ ಕೊಳವೆ ಬಂತು. ಆಕ್ಸಿಜನ್ ಮಿಷನ್ನಿನ ಗುಂಯ್‌ಗುಟ್ಟುವಿಕೆ ನಮ್ಮ ಅಡುಗೆಮನೆಗೂ ಕೇಳುತ್ತಿತ್ತು. ನೋರಾ ಅಂಗಡಿಗೆ ಹೋಗುವ ದಾರಿಯನ್ನೇ ಬದಲಾಯಿಸಿದಳು. ಕಲ್ಲಿನ ಮುಂದೆ ಹಾಯುವುದು ತಪ್ಪಲೆಂದು ಸರೋವರದ ದಂಡೆ ಸುತ್ತಿ, ಗಾಳಿಮಳೆಯಲ್ಲಿ ನೆನೆದು ಬರುತ್ತಿದ್ದಳು. ನೆಡ್ ಮಾತ್ರ ದಿನಾ ಯಾರದ್ದಾದರೂ ಕಾರು ಹತ್ತಿ ಅಲ್ಲಿಗೆ ಹೋಗಿ, ಕಿಟಕಿ ಇಳಿಸಿ, ಆ ಖಾಲಿ ಜಾಗವನ್ನೇ ನೋಡುತ್ತಾ ಕೂರುತ್ತಿದ್ದ.

ಒಂದು ಮಧ್ಯಾಹ್ನ ನೋರಾ ಟೀ ಕುಡಿಯಲು ಬಂದಳು. ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಳು, ಕುಡಿಯಲಿಲ್ಲ.

"ಮಿಸೆಸ್ ಗಂಗಾ, ಅದು ಅವನನ್ನ ಕರೀತಾ ಇದೆ. ನಿಮ್ಮ ಕಡೆ ಇಂಥದ್ದಕ್ಕೆ ಏನಾದ್ರೂ ಮಾಡ್ತೀರಾ?"

ಯೋಚನೆ ಮಾಡದೆ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ನಮ್ಮ ಕಡೆ ತೋಡಿದ ಗುಂಡಿ ಖಾಲಿ ಬಿಡಲ್ಲಮ್ಮ. ಮಾರನೇ ದಿನ ಮಣ್ಣು ಮಾಡೋದಿದ್ರೆ ಒಳಗೊಂದು ಬಾಳೆದಿಂಡೋ ಕಲ್ಲೋ ಮಲಗಿಸ್ತೀವಿ. ಖಾಲಿ ಇದ್ರೆ ಅದು ಇನ್ನೊಬ್ಬರನ್ನ ಕೇಳ್ತೈತೆ ಅಂತಾರೆ."

ನೋರಾ ಕಪ್ಪು ಕೆಳಗಿಟ್ಟಳು. ಅವಳ ಕಣ್ಣಿನಲ್ಲಿ ಏನೋ ಕೂತಿತು. ಅದೇನೆಂದು ಮಾರನೇ ದಿನ ಗೊತ್ತಾಯಿತು. ಗೆರಾಲ್ಡೀನ್‌ಳನ್ನು ಜೊತೆಗೇ ಕರೆದುಕೊಂಡು ಬಂದಿದ್ದಳು.

"ನಿಮ್ಮ ಯಜಮಾನರೂ ಧೂಳಿಗೇ ಹೋದೋರಲ್ವಾ? ಆ ಸಾಲಲ್ಲಿ ಅವರ ಹೆಸರು ಹಾಕೋಣ."

"ನಮಗೆಲ್ಲ ಅದು ತುಂಬಾ ಗೌರವ" ಅಂದಳು ಗೆರಾಲ್ಡೀನ್. "ನೆಡ್‌ಗೂ ಬೇಜಾರಾಗಲ್ಲ, ನೋರಾ ಹೇಳಿದ್ಲು."

ಸಂಜೆ ಶರ್ಮಿಳಾಗೆ ಹೇಳಿದರೆ ಅವಳು ಅತ್ತೇಬಿಟ್ಟಳು. "ಅಪ್ಪನ ಹೆಸರು ಎಲ್ಲೂ ಇಲ್ಲಮ್ಮ. ಅಲ್ಲೂ ಇಲ್ಲ. ಇಲ್ಲಾದ್ರೂ ಇರ್ಲಿ." ಆಸೆ ನನಗೂ ಆಗಲಿಲ್ಲವೆಂದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಒಬ್ಬಳೇ ಹೋಗಿ ಆ ಖಾಲಿ ಜಾಗದ ಮೇಲೆ ಅಂಗೈ ಇಟ್ಟು ನಿಂತೆ. ಚಳಿ ಮೊಣಕೈವರೆಗೆ ಏರಿತು. ಅಲ್ಲಿಂದ ನೇರವಾಗಿ ನೆಡ್‌ನ ಮನೆಗೆ ಹೋದೆ. ಶನಿವಾರವಾದ್ದರಿಂದ ತನ್ವಿಯೂ ಓಡಿಬಂದು ಜೊತೆಯಾದಳು. ನೋರಾ ತಡೆಯುವ ಮೊದಲೇ ಎಲ್ಲವನ್ನೂ ಅವನಿಗೆ ಹೇಳಿದೆ.

ಅವನು ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದ.

"ಏನು ಹೆಸರು ಅವನದು?"

ನನ್ನ ನಾಲಿಗೆ ಹೊರಳಲಿಲ್ಲ. ಯಜಮಾನರ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ. ಬರೆಯುವುದು ಬೇರೆ, ಹೇಳುವುದು ಬೇರೆ. ತನ್ವಿಯೇ ತನ್ನ ಐರಿಶ್ ರಾಗದಲ್ಲಿ ಮುನಿವೆಂಕಟಪ್ಪ ಅಂದಳು.

"ಇಷ್ಟುದ್ದ ಹೆಸರು ಒಬ್ಬನದೇನಾ, ಇಲ್ಲಾ ಇಡೀ ಶಿಫ್ಟಿಂದಾ?" ಅಂದ ನೆಡ್. "ಎಷ್ಟು ಆಳಕ್ಕೆ ಇಳೀತಿದ್ದ?"

"ಎರಡು ಮೈಲಿ ಅಂತಿದ್ರು."

ಶಿಳ್ಳೆ ಹಾಕಲು ಹೋದ. ಅದು ಕೆಮ್ಮಾಯಿತು, ಕೆಮ್ಮು ನಿಲ್ಲುವಷ್ಟರಲ್ಲಿ ಮುಖ ನೀಲಿಗಟ್ಟಿತು. ನೋರಾ ಬೆನ್ನು ನೀವಲು ಬಂದರೆ ಅವಳ ಕೈ ಹಿಡಿದುಕೊಂಡ.

"ನನ್ನ ಜಾಗದಲ್ಲಿ ಬೇರೆಯವನ್ನ ಮಲಗಿಸ್ತೀಯಾ?"

"ನೀನು ಮಲಗೋದು ಬೇಡ ಅಂತ ಕಣೋ, ಮುದಿ ಕತ್ತೆ!"

"ನಾನು ಹೇಗಿದ್ರೂ ಮಲಗ್ತೀನಿ ನೋರಾ. ಮಲಗಿದ ಮೇಲೂ ಅದು ಖಾಲೀನೇ ಇರುತ್ತಲ್ಲ, ಅದು ನಂಗೆ ಭಯ. ಪ್ಯಾಕಿ ಹಿಂದೆ ಯಾರೂ ಇರ್ಲಿಲ್ಲ ಅಂತ ಆಗುತ್ತೆ."

ನೋರಾ ಮುಖ ತಿರುಗಿಸಿದಳು. ನಾನೇ ಹೇಳಿದೆ. "ನಮ್ಮೋರ ಹೆಸರು ಬೇಡಮ್ಮ. ಅವರಿಗೆ ಈ ಚಳಿ ತಡೆಯೋಕಾಗಲ್ಲ."

ಮುಂದಿನ ವಾರ ನೆಡ್‌ನನ್ನು ಆಸ್ಪತ್ರೆಗೆ ಒಯ್ದರು. ಶರ್ಮಿಳಾ ಮನೆಗೆ ಬಂದು ಕೋಟು ಬಿಚ್ಚುವಾಗ ನನ್ನ ಕಡೆ ನೋಡುತ್ತಿರಲಿಲ್ಲ.

"ಹೇಗಿದ್ದಾನೆ?"

"ಪೇಶೆಂಟ್ ವಿಷಯ ಕೇಳಬಾರದಮ್ಮ. ಗ್ರ್ಯಾಂಡ್ ಆಗಿದ್ದಾರೆ." ಇಲ್ಲಿ ಚೆನ್ನಾಗಿದೆ ಅನ್ನುವುದಕ್ಕೆಲ್ಲ ಗ್ರ್ಯಾಂಡ್ ಅನ್ನುತ್ತಾರೆ.

"ನಿಮ್ಮಪ್ಪನಿಗೂ ಡಾಕ್ಟರು ಹಿಂಗೇ ಅಂತಿದ್ರು."

ಅವಳು ಕೈ ತೊಳೆಯಲು ಹೋದಳು. ತುಂಬ ಹೊತ್ತು ತೊಳೆದಳು.

ಕಲ್ಲಿನ ಉದ್ಘಾಟನೆ ಹತ್ತಿರ ಬಂತು. ನೆಡ್ ಹಟ ಮಾಡಿ ಮನೆಗೆ ಬಂದ. ನಡೆಯುವ ಹಾಗಿರಲಿಲ್ಲ. ಕೂತೇ ನಿದ್ದೆ ಮಾಡುತ್ತಿದ್ದ. ಉದ್ಘಾಟನೆಯ ಹಿಂದಿನ ದಿನ, ಕಲ್ಲು ಕೆತ್ತುವವನು ಅಂಚು ತಿದ್ದಲು ಬಂದಿದ್ದಾನೆ, ಕೈ ನಡುಗುವುದರಿಂದ ಇದಾದ ಮೇಲೆ ಅವನು ಕೆಲಸ ಬಿಡುತ್ತಾನೆ ಅಂತ ಗೆರಾಲ್ಡೀನ್ ಹೇಳಿ ಹೋದಳು. ನೆಡ್ ಕಿಟಕಿಯ ಕಡೆ ನೋಡಿದ, ಅಷ್ಟೇ. ಆ ನೋಟವನ್ನು ನೋರಾ ಅರ್ಧ ಗಂಟೆ ತಡೆದುಕೊಂಡಳು. ಆಮೇಲೆ ಎದ್ದು ಕೋಟು ಹಾಕಿಕೊಂಡಳು.

"ಮಯೂರ್‌ನ ಕಾರು ಕೇಳಿ ಮಿಸೆಸ್. ಹೋಗೋಣ."

ಕಲ್ಲು ನಿಂತ ಮೇಲೆ ನೋರಾ ಅದರ ಹತ್ತಿರ ಹೋದದ್ದು ಅದೇ ಮೊದಲು. ಮಯೂರ್ ಕಾರನ್ನು ಎದುರಿಗೇ ನಿಲ್ಲಿಸಿದ. ನೆಡ್ ಕಿಟಕಿ ಇಳಿಸಿ ಒಳಗೇ ಕೂತಿದ್ದ, ಕಾಲ ಬಳಿ ಆಕ್ಸಿಜನ್ ಸಿಲಿಂಡರು. ನೋರಾ ಕೆತ್ತುವವನ ಮುಂದೆ ನಿಂತಳು.

"ನೆಡ್ ಗಕಿಯನ್ ಅಂತ ಕೆತ್ತಿ. ಬಣ್ಣ ಮಾತ್ರ ತುಂಬಬೇಡಿ."

"ನೋರಾ, ಕಮಿಟಿ ತೀರ್ಮಾನ ಇದೆಯಲ್ಲ" ಅಂದಳು ಅಲ್ಲೇ ನಿಂತಿದ್ದ ಗೆರಾಲ್ಡೀನ್.

"ಬಣ್ಣ ಇಲ್ಲದಿದ್ರೆ ಅದು ಹೆಸರಲ್ಲ, ಬರೀ ಕಲ್ಲು. ಅವನಿಗೆ ಬೇಕಾದ್ದು ಅವನಿಗೆ ಸಿಗ್ಲಿ. ನಂಗೆ ಬೇಕಾದ್ದು ನಂಗಿರ್ಲಿ."

ಗೆರಾಲ್ಡೀನ್ ಒಂದು ಕ್ಷಣ ಅವಳ ಮುಖ ನೋಡಿದಳು. ಆಮೇಲೆ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳ ಕಡೆ ಮುಖ ಮಾಡಿ ನಿಂತು, "ನಾನೇನೂ ನೋಡ್ಲಿಲ್ಲಪ್ಪ" ಅಂದಳು.

ಕೆತ್ತುವವನು ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಉಳಿ ಇಟ್ಟ. ಒಂದೊಂದು ಪೆಟ್ಟಿಗೂ ನೋರಾ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿಯುತ್ತಿದ್ದಳು. ಉಳಿಯ ಬಾಯಿಂದ ಬೂದು ಧೂಳು ಎದ್ದು ಗಾಳಿಗೆ ಕಾರಿನ ಕಡೆ ಹೊರಳಿತು. ನೋರಾ ನನ್ನ ಕೈ ಬಿಟ್ಟು ಓಡಿದಳು.

"ಕಿಟಕಿ ಏರ್ಸೋ! ಕಿಟಕಿ ಏರ್ಸು!"

ನೆಡ್ ಏರಿಸಲಿಲ್ಲ. ಅವಳೇ ಒಳಗೆ ಕೈ ಹಾಕಿ ಗುಂಡಿ ಒತ್ತಿದಳು. ಗಾಜಿನ ಹಿಂದೆ ಅವನು ಕಣ್ಣು ಮಿಟುಕಿಸದೆ ನೋಡುತ್ತಿದ್ದ.

ಕೆತ್ತಿ ಮುಗಿದ ಮೇಲೆ ಮಯೂರ್ ಒಂದು ತೋಳು, ನೋರಾ ಒಂದು ತೋಳು ಹಿಡಿದು ಅವನನ್ನು ಇಳಿಸಿದರು. ನಾಲ್ಕು ಹೆಜ್ಜೆ ಆಚೆ ನಿಂತರೆ ಕಾಣುತ್ತಿದ್ದದ್ದು ಪ್ಯಾಕಿಯ ಕಪ್ಪು ಹೆಸರು, ಅದರ ಕೆಳಗೆ ಬರೀ ಕಲ್ಲು. ಹತ್ತಿರ ಹೋಗಿ ಬೆರಳಾಡಿಸಿದರೆ ಮಾತ್ರ ಅಕ್ಷರ ಸಿಗುತ್ತಿತ್ತು. ನೆಡ್ ಮೊದಲಿನಿಂದ ಕೊನೆಯವರೆಗೆ ಬೆರಳಾಡಿಸಿದ.

"ಗ್ರ್ಯಾಂಡ್" ಅಂದ.

ಕೆತ್ತುವವನು ಸಾಮಾನು ಕಟ್ಟುತ್ತಾ ಒಂದು ಸಣ್ಣ ಡಬ್ಬಿಯನ್ನೂ ಬ್ರಷ್ಷನ್ನೂ ನೋರಾಳ ಕೈಗಿಟ್ಟ. "ನಾನಿನ್ನು ಬರಲ್ಲ. ಸಮಯ ಬಂದಾಗ ನೀವೇ ತುಂಬಿ. ಅಂಚು ದಾಟಿದ್ರೆ ಒದ್ದೆ ಬಟ್ಟೇಲಿ ಒರೆಸಿ. ಆಗಾಗ ಅಲ್ಲಾಡಿಸ್ತಾ ಇರಿ, ಇಲ್ಲಾಂದ್ರೆ ಗಟ್ಟಿಯಾಗಿಬಿಡುತ್ತೆ." ನೋರಾ ಆ ಡಬ್ಬಿಯನ್ನು ಕೋಟಿನ ಒಳಗೆ, ಯಾರಿಗೂ ಕಾಣದ ಹಾಗೆ ಇಟ್ಟುಕೊಂಡಳು.

ಉದ್ಘಾಟನೆಯ ದಿನ ಪಾದ್ರಿ ನೀರು ಚಿಮುಕಿಸಿದರು, ಹೆಸರುಗಳನ್ನು ಓದಿದರು, ಪ್ಯಾಕಿಯ ಹೆಸರಿಗೆ ನಿಲ್ಲಿಸಿದರು. ಆಮೇಲೆ ಸಭೆಯ ಹಾಲ್‌ನಲ್ಲಿ ಟೀ, ಸ್ಯಾಂಡ್‌ವಿಚ್. ಕಲ್ಲಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡ ಹೊರಗಿನವರಲ್ಲಿ ಯಾರಿಗೂ ಏನೂ ಕಾಣಲಿಲ್ಲ.

ಈಗ ಡಬ್ಬಿ ನೋರಾಳ ಅಡುಗೆಮನೆಯಲ್ಲಿ ಟೀ ಡಬ್ಬಿಯ ಹಿಂದೆ ಇದೆ. ಭಾನುವಾರ ಚರ್ಚಿನಿಂದ ಬಂದ ಕೂಡಲೇ ಅದನ್ನು ತೆಗೆದು ಅಲ್ಲಾಡಿಸುತ್ತಾಳೆ.

"ಒಣಗಿ ಹೋಗ್ಲಿ ಬಿಡಮ್ಮ" ಅಂದೆ ಹೋದ ವಾರ.

ಅವಳು ಬಾಯಿ ತೆರೆಯುವ ಮೊದಲೇ ಒಳಗಿನ ಕುರ್ಚಿಯಿಂದ ಮಾತು ಬಂತು. ಒಂದೊಂದು ಪದಕ್ಕೂ ಒಂದೊಂದು ಉಸಿರು.

"ನೋರಾ. ಅಲ್ಲಾಡಿಸಿದ್ಯಾ?"

"ಅಲ್ಲಾಡಿಸ್ದೆ."

"ಇನ್ನೂ ನೀರಾಗಿದೆಯಾ?"

ಅವಳು ಚಮಚದ ಹಿಡಿಯಿಂದ ಮುಚ್ಚಳ ಎಬ್ಬಿಸಿದಳು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ನನಗೂ ತೋರಿಸಿದಳು. ಕಪ್ಪು ಬಣ್ಣ ಡಬ್ಬಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ಮೆಲ್ಲಗೆ ಹರಿಯಿತು.

"ನೀರಾಗೇ ಇದೆ" ಅಂದಳು.