ಗೋಡೆಯ ಕಿಂಡಿಯಲ್ಲಿ ಒಂದು ಬಲ್ಬು

ಕಾಲುವೆ ನೀರು, ಎರಡು ಹೊತ್ತು ಅನ್ನ, ಜೋರು ಬಾಯಿ, ಈ ಮೂರೂ ನನಗೆ ವಳಕಮದಿನ್ನಿಯಲ್ಲಿ ಹುಟ್ಟಿನಿಂದಲೇ ಬಂದವು. ಮದುವೆಯಾಗಿ ಸಂತೆಕಲ್ಲೂರಿಗೆ ಹೊರಟಾಗ ಮೊದಲಿನ ಎರಡು ತವರಲ್ಲೇ ಉಳಿದವು, ಬಾಯಿ ಮಾತ್ರ ನನ್ನ ಜೊತೆ ಬಸ್ಸು ಹತ್ತಿತು. ಆದರೆ ಅದನ್ನು ಅಲ್ಲಿ ತೆರೆಯುವ ಹಾಗಿರಲಿಲ್ಲ. ಆ ಮನೆಯಲ್ಲಿ ಸೊಸೆಯಾದವಳು ಮಾವನ ಎದುರು ನಿಲ್ಲಬಾರದು, ಅವರ ಜೊತೆ ಮಾತಾಡಬಾರದು. ಮಾವನಿಗೆ ನೀರು ಬೇಕಾದರೆ ಅತ್ತೆಗೆ ಹೇಳುತ್ತಿದ್ದರು: "ನೀರು ಕೊಡಂತ ಹೇಳು ಆಕಿಗೆ." ನಾನು ಬಾಗಿಲ ಮರೆಯಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿರುತ್ತಿದ್ದೆ. ಆದರೂ ಅತ್ತೆ ಒಳಗೆ ಬಂದು ಅದನ್ನೇ ಮತ್ತೆ ಹೇಳಬೇಕು, ಆಮೇಲೆ ನಾನು ನೀರು ತುಂಬಿ ಅತ್ತೆಯ ಕೈಗೆ ಕೊಡಬೇಕು. ಅಯ್ಯೋ ಶಿವನೇ, ನಗು ತಡೆದುಕೊಳ್ಳುವುದೇ ನನಗೊಂದು ಕೆಲಸವಾಗಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದರೂ ನಮ್ಮ ಓಣಿಗೆ ಕರೆಂಟು ಬಂದಿರಲಿಲ್ಲ. ರೇಶನ್ನಿನ ಎಣ್ಣೆ ತಿಂಗಳು ತುಂಬುವ ಮೊದಲೇ ತಳ ಕಾಣುತ್ತಿತ್ತು. ಹಾಗಾಗಿ ಎಣ್ಣೆಯ ವಿಷಯದಲ್ಲಿ ಮಾವ ಬಲು ಬಿಗಿ. ಪಡಸಾಲೆಯಲ್ಲಿ ಒಂದು ಕಂದೀಲು, ಅಡುಗೆಮನೆಯಲ್ಲಿ ಒಂದು ಚಿಮಣಿ ದೀಪ. ಆ ಚಿಮಣಿಯ ಬತ್ತಿ ಕಡಲೆಕಾಳಿಗಿಂತ ದೊಡ್ಡದಾಗಿ ಉರಿದರೆ ಸಾಕು, ಹೊರಗಿನಿಂದಲೇ ಕೂಗು ಬರುತ್ತಿತ್ತು: "ಬತ್ತಿ ಇಳಸ್ರಿ!" ಗೋಡೆಯ ಆಚೆ ಕೂತವರಿಗೆ ಹೇಗೆ ಗೊತ್ತಾಗುತ್ತಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ.

ಆ ಮಿಣಿಮಿಣಿ ಬೆಳಕಿನಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಹಗಲೆಲ್ಲ ಹೊಲದ ಕೆಲಸ, ಒಲೆ ಹೊತ್ತುವುದು ಹೊತ್ತು ಮುಳುಗಿದ ಮೇಲೆಯೇ. ಅವರ ಕೈ ರೊಟ್ಟಿ ಅಂದರೆ ಊರೆಲ್ಲ ಹೆಸರು. ಎಲೆಯಂತೆ ತೆಳ್ಳಗೆ, ಗುಂಡಗೆ, ಹಂಚಿನ ಮೇಲೆ ಬುಸ್ಸನೆ ಉಬ್ಬುತ್ತಿದ್ದವು. ಆದರೆ ನಾನು ಆ ಮನೆಗೆ ಕಾಲಿಟ್ಟ ವರ್ಷವೇ ಒಂದೊಂದು ರೊಟ್ಟಿ ಸೀಯತೊಡಗಿತು. ಬೇಳೆಯಲ್ಲಿ ಹರಳು ಸಿಗತೊಡಗಿದವು. ಒಂದು ಸಂಜೆ ಅತ್ತೆ ಹಂಚು ಎಲ್ಲಿದೆ ಎಂದು ಕೈಯಿಂದ ತಡಕುವುದನ್ನು ಕಣ್ಣಾರೆ ಕಂಡೆ. ಬೆರಳು ಸುಟ್ಟುಕೊಂಡರು, ಆದರೆ ಬಾಯಿಂದ ಒಂದು ಸದ್ದೂ ಹೊರಡಲಿಲ್ಲ.

"ಅತ್ತಿ, ನಿಮಗ ಕಾಣವಲ್ದೇನ್ರಿ?" ಎಂದು ಪಿಸುಗುಟ್ಟಿದೆ.

"ಹಗಲೊತ್ತು ಬರೋಬರಿ ಕಾಣ್ತೈತಿ. ಈ ಚಿಮಣಿ ಬೆಳಕಿಗೆ ಏನೂ ತಿಳಿಯಂಗಿಲ್ಲ," ಅಂದರು. ಆಮೇಲೆ ನನ್ನ ರಟ್ಟೆ ಬಿಗಿಯಾಗಿ ಹಿಡಿದು, "ಯಾರಿಗೂ ಹೇಳಬ್ಯಾಡಬೇ. ಹೇಳಿದಿ ಅಂದ್ರ ನನ್ನ ಒಲಿ ಮುಂದಿಂದ ಎಬ್ಬಿಸ್ತಾರ. ನಮ್ಮ ಅತ್ತೀನ ಹಂಗಽ ಎಬ್ಬಿಸಿದ್ರು. ಆಮ್ಯಾಲ ಆಕಿ ಮೂಲ್ಯಾಗ ಕುಂತಾಕಿ, ಏಳಲೇ ಇಲ್ಲ," ಅಂದರು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅತ್ತೆ ನನ್ನನ್ನು ಒಮ್ಮೆಯೂ ಗದರಿಸಿದವರಲ್ಲ. ನನ್ನ ರೊಟ್ಟಿ ಹಂಚಿನಿಂದ ಏಳುವಾಗ ತುಂಡುತುಂಡಾದರೆ ಯಾರೂ ಕಾಣದ ಹಾಗೆ ಅದನ್ನು ತಮ್ಮ ತಾಟಿಗೇ ಹಾಕಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಸರ್ಕಾರದಿಂದ ಬಡವರ ಮನೆಗೆ ಪುಕ್ಕಟೆ ಕರೆಂಟು ಕೊಡುತ್ತಾರೆ ಎಂಬ ಸುದ್ದಿ ಬಂತು. ಒಂದು ಮನೆಗೆ ಒಂದೇ ಬಲ್ಬು, ಬಿಲ್ಲಿನ ತಾಪತ್ರಯ ಇಲ್ಲ. ಮಾವ ಲಿಂಗಸುಗೂರಿನ ಆಫೀಸಿಗೆ ಓಡಾಡಿ ಓಡಾಡಿ ಕೊನೆಗೂ ಮಂಜೂರು ಮಾಡಿಸಿಕೊಂಡು ಬಂದರು. ಬಲ್ಬು ಎಲ್ಲಿ ಹಾಕುವುದು ಎಂಬ ಮಾತೇ ಆ ಮನೆಯಲ್ಲಿ ಏಳಲಿಲ್ಲ. ಪಡಸಾಲೆಗೇ. ಬಂದವರು ಹೋದವರು ನೋಡಬೇಕಲ್ಲ!

ನಾನು ಗಂಡನನ್ನು ಹಿತ್ತಲಿಗೆ ಕರೆದು, "ಅಡಗಿಮನ್ಯಾಗ ಹಾಕಸ್ರಿ ಅಂತ ಅಪ್ಪಗ ಒಂದ ಮಾತು ಹೇಳ್ರಿ," ಎಂದೆ.

"ನಾನಾ?" ಎಂದು ಆತ ನನ್ನನ್ನು ಹುಚ್ಚಿ ಎಂಬಂತೆ ನೋಡಿದ. ಹೊರಗೆ ಗೂಳಿಯ ಹಾಗೆ ತಿರುಗುವ ಮನುಷ್ಯ, ಅಪ್ಪನ ಮುಂದೆ ಮಾತ್ರ ಬಾಯಿಗೆ ಬೀಗ. ಅತ್ತೆಯ ಕಣ್ಣಿನ ವಿಷಯ ಅವನಿಗೂ ಹೇಳುವಂತಿಲ್ಲ, ಮಾತು ಕೊಟ್ಟಿದ್ದೆನಲ್ಲ. ಸಿಟ್ಟಿನಿಂದ ಅವತ್ತು ಮುಸುರೆ ಪಾತ್ರೆಗಳನ್ನೆಲ್ಲ ಸರಿಯಾಗಿ ಕುಕ್ಕಿದೆ.

ಲೈನ್‌ಮನ್ ಬಂದ ದಿನ ಓಣಿಯ ಮಂದಿಯೆಲ್ಲ ನಮ್ಮ ಅಂಗಳದಲ್ಲಿ. ಆತ ವೈರಿನ ಸುತ್ತು ಹೆಗಲಿಗೆ ಹಾಕಿಕೊಂಡು ಒಳಗೆ ಬಂದು, "ಎಲ್ಲಿ ಹಾಕ್ಲಿ ಯಜಮಾನ್ರ? ಒಂದಽ ನೋಡ್ರಿ ಮತ್ತ. ಎರಡನೇದು ಹಾಕಿದ್ರ ಕಟ್ ಮಾಡ್ತೀವಿ," ಅಂದ.

"ಇಲ್ಲೇ, ಪಡಸಾಲ್ಯಾಗ," ಅಂದರು ಮಾವ.

ಬಾಗಿಲ ಮರೆಯಲ್ಲಿ ನನ್ನ ಪಕ್ಕ ಅತ್ತೆ ನಿಂತಿದ್ದರು. ಅವರು ಸುಟ್ಟ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದು ನನಗೆ ಕಂಡಿತು. ಅಷ್ಟೇ. ಒಳಗಿನಿಂದ ಮಾತು ತಾನೇ ನುಗ್ಗಿ ಬಂತು.

"ಪಡಸಾಲಿ ಅಡಗಿಮನಿ ನಡುವಿನ ಗೋಡ್ಯಾಗ ಒಂದು ಕಿಂಡಿ ಹೊಡೀರಿ ಮಾವ! ಕಿಂಡ್ಯಾಗ ಬಲ್ಬು ಇಟ್ರ ಎರಡೂ ಕಡೆ ಬೆಳಕು ಬೀಳ್ತೈತಿ. ನಮ್ಮ ತವರ್‍ಯಾಗ ದನದ ಮನಿಗೆ ಹಂಗಽ ಚಿಮಣಿ ಇಡ್ತೀವಿ. ಅತ್ತಿಗೆ ಒಲಿ ಮುಂದ ಏನೂ ಕಾಣವಲ್ದು, ದಿನಾ ಕೈ ಸುಟ್ಕೊಳ್ಳಾಕತ್ತಾರ!"

ಲೈನ್‌ಮನ್ ಬಾಯಿ ತೆರೆದುಕೊಂಡು ನಿಂತ. ನನ್ನ ಗಂಡ ನೆಲ ನೋಡಿದ. ಮಾವ ಬಾಗಿಲ ಕಡೆಗೆ ಒಮ್ಮೆ ನೋಡಿದರು, ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡರು, ಹೊರಗೆ ನಡೆದುಬಿಟ್ಟರು.

"ಹಾಳ ಬಾಯಿ ನಿಂದು!" ಎಂದು ಅತ್ತೆ ಅಳತೊಡಗಿದರು. "ಮುಗೀತು ನನ್ನ ಕತಿ. ನಾಳಿಂದ ಮೂಲ್ಯಾಗ ಕುಂದ್ರತೀನಿ." ತವರಿಗೆ ಕಳಿಸಿದರೆ ಅವ್ವನಿಗೆ ಏನು ಹೇಳುವುದು ಎಂದು ಯೋಚಿಸುತ್ತಿದ್ದೆ. ಆದರೂ ಖರೇ ಹೇಳುತ್ತೇನೆ, ಹೇಳಬಾರದಿತ್ತು ಎಂದು ಮಾತ್ರ ಅನ್ನಿಸಲಿಲ್ಲ.

ಲೈನ್‌ಮನ್ ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಮುಗಿಸುವ ಹೊತ್ತಿಗೆ ಮಾವ ತಿರುಗಿ ಬಂದರು. ಹೆಗಲ ಮೇಲೆ ಆಳೆತ್ತರದ ಕಬ್ಬಿಣದ ಹಾರೆ! ಯಾರ ಮನೆಯಿಂದಲೋ ಕೇಳಿ ತಂದಿದ್ದರು. ಸೀದಾ ಗೋಡೆಯ ಹತ್ತಿರ ಹೋಗಿ, "ಎಲ್ಲಿ ಹೊಡೀಲಿ ಅಂತ ಕೇಳು ಆಕಿಗೆ," ಅಂದರು.

ಅತ್ತೆ ಅಳುತ್ತಿದ್ದವರು ಹಾಗೇ ನಿಂತರು. ನಾನು ಯಾರು ಕೇಳುವುದಕ್ಕೂ ಕಾಯದೆ, "ಒಲಿ ಎದುರಿಗೆ! ಕುಂತವರ ತಲಿ ಎತ್ತರಕ್ಕ!" ಎಂದು ಕೂಗಿದೆ. ಅಂಗಳದ ಮಂದಿಯೆಲ್ಲ ಗೊಳ್ಳೆಂದು ನಕ್ಕರು.

ಮಣ್ಣಿನ ಗೋಡೆ, ಮಾವನ ಹುರುಪು. ಬಲ್ಬು ಹಿಡಿಯುವಷ್ಟು ಕಿಂಡಿ ಕೇಳಿದರೆ ಬೆಕ್ಕು ಮರಿಗಳನ್ನು ಕಟ್ಟಿಕೊಂಡು ದಾಟುವಷ್ಟು ದೊಡ್ಡದು ಮಾಡಿಟ್ಟರು. ಅಡುಗೆಮನೆ ತುಂಬ ಧೂಳು. ಆ ಧೂಳಿನ ನಡುವೆ, ಕಿಂಡಿಯ ಆಚೆಯಿಂದ ಮಾವನ ಮುಖ ಕಂಡಿತು. ಅತ್ತೆಯನ್ನೇ ನೋಡುತ್ತ, "ನನಗ್ಯಾಕ ಹೇಳಲಿಲ್ಲ?" ಎಂದು ಕೇಳಿದರು.

"ಹೇಳಿದ್ರ ಒಲಿ ಮುಂದಿಂದ ಎಬ್ಬಿಸ್ತಿದ್ರಿ."

"ನಿನ್ನ ಎಬ್ಬಿಸಿ ಯಾರ ಕೈಯಾಗ ಉಣ್ಲಿ? ಆಕಿ ಕೈಯಾಗ? ಅನ್ನದ ನಾಡಿನಾಕಿ, ಆಕಿ ರೊಟ್ಟಿ ತಿಂದ್ರ ಹಲ್ಲು ಉಳೀತಾವೇನು?"

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ಅತ್ತೆಯೂ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು.

ಆ ಸಂಜೆ ಬಲ್ಬು ಹತ್ತಿತು. ನಮ್ಮ ಅಡುಗೆಮನೆಯ ಗೋಡೆಗಳು ಅಷ್ಟು ಕರ್ರಗಿವೆ ಎಂದು ಅವತ್ತೇ ತಿಳಿದದ್ದು. ಅತ್ತೆ ಒಲೆಯ ಮುಂದೆ ಕುಳಿತು ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ಹಿಟ್ಟು ನಾದಿ ಬಡಿಯತೊಡಗಿದರು. ಒಂದೊಂದು ರೊಟ್ಟಿಯೂ ಮೊದಲಿನ ಹಾಗೆ ಬುಸ್ಸನೆ ಎದ್ದಿತು. ಅತ್ತೆ ಒಳಗೊಳಗೇ ಏನೋ ಗುನುಗುತ್ತಿದ್ದರು. ಅವರು ಹಾಡುತ್ತಾರೆ ಎಂಬುದೇ ನನಗೆ ಗೊತ್ತಿರಲಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ ಎದ್ದು ಕುಣಿಯಬೇಕು ಅನ್ನಿಸಿತು.

ಎಂದಿನಂತೆ ಅತ್ತೆಯೇ ಮಾವನಿಗೆ ತಾಟು ಕೊಟ್ಟು ಬಂದರು. ಮುಂದಿನ ರೊಟ್ಟಿ ಹಂಚಿಗೆ ಹಾಕಿ ತಲೆ ಎತ್ತಿದರು, ಹಾಗೇ ಕಿಂಡಿಯತ್ತ ನೋಡುತ್ತ ಕುಳಿತುಬಿಟ್ಟರು. ಆಚೆ ಮಾವ ಚಕ್ಕಳಬಕ್ಕಳ ಹಾಕಿ ಕುಳಿತು, ರೊಟ್ಟಿ ಮುರಿದು, ಪುಂಡಿಪಲ್ಯ ಹಚ್ಚಿ, ಕಣ್ಣು ಅರೆ ಮುಚ್ಚಿ ಅಗಿಯುತ್ತಿದ್ದರು.

"ಏನು ನೋಡಾಕತ್ತಿ?" ಅಂದರು ಮಾವ.

"ನೀವು ಉಣ್ಣೋದು ನೋಡಾಕತ್ತೀನಿ," ಅಂದರು ಅತ್ತೆ. "ಲಗ್ನ ಆದಾಗಿಂದ ನೀಡೀನಿ, ತಿರುಗಿ ಬಂದು ಒಲಿ ಮುಂದ ಕುಂತೀನಿ. ನೀವು ಹೆಂಗ ಉಣ್ತೀರಿ ಅಂತ ಇವತ್ತಽ ಕಂಡೀನಿ."

ಮಾವನ ಕೊನೆಯ ತುತ್ತು ಬಾಯಿಯ ಹತ್ತಿರವೇ ನಿಂತಿತು. "ಹೆಂಗ ಉಣ್ತೀನಿ?"

"ರುಚಿ ಹತ್ತಿದವರಂಗ. ಒಂದಿನಾನೂ ಬಾಯಿ ಬಿಟ್ಟು ಹೇಳಲಿಲ್ಲ ನೋಡ್ರಿ."

ಮಾವ ತುತ್ತು ಬಾಯಿಗಿಟ್ಟು, ನಿಧಾನವಾಗಿ ಅಗಿದು ನುಂಗಿದರು. ಮಂಡಿಯೂರಿ ಮುಂದೆ ಸರಿದು ಖಾಲಿ ತಾಟನ್ನು ಕಿಂಡಿಯೊಳಗಿಂದ ಈಚೆಗೆ ಚಾಚಿದರು.

"ಇನ್ನೊಂದು ಹಾಕು," ಅಂದರು. "ಚೊಲೊ ಆಗ್ಯಾವ. ಯಾವಾಗಲೂ ಚೊಲೊನಽ ಇದ್ದವು."