ಇಡ್ಲಿ ತಟ್ಟೆಯ ಬೋಲ್ಟುಗಳು

ಗಾಡಿ ರಿಪೇರಿಗೆ ಒಬ್ಬ ಮೆಕ್ಯಾನಿಕ್ ನ್ಯಾಮತಿಯಿಂದ ಬಸ್ಸಿನಲ್ಲಿ ಬರುತ್ತಿದ್ದ. ಏನು ಕೇಳಿದರೂ ಒಂದೇ ಉತ್ತರ: “ಆಗ್ತೈತ್ರಿ, ಅವಸರ ಬ್ಯಾಡ್ರಿ.” ಎಪ್ಪತ್ತರ ದಶಕದ ಕೊನೆ. ಹೊನ್ನಾಳಿಯ ನಮ್ಮ ಅಂಗಳದಲ್ಲಿ ಮಾವನವರ ಹಳೇ ಪಿಕಪ್ ಗಾಡಿಯ ಎಂಜಿನ್ ಬಿಚ್ಚಿ, ಬೋಲ್ಟುಗಳನ್ನು ಬಿಚ್ಚಿದ ಆರ್ಡರಿನಲ್ಲೇ ಒಂದು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಇಡುತ್ತಿದ್ದ. ನಾನು ಹೊಸ ಸೊಸೆ. ಕಾನ್ವೆಂಟ್ ಸಿಸ್ಟರುಗಳು ಕಲಿಸಿದ ನೀಟ್‌ನೆಸ್ ಸುಮ್ಮನಿರಬೇಕಲ್ಲ! ಆತ ಊಟಕ್ಕೆ ಹೋದಾಗ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಸೈಜ್ ಪ್ರಕಾರ ಜೋಡಿಸಿಟ್ಟೆ.

ಬಂದವನು ತಟ್ಟೆ ನೋಡಿ ನಿಂತುಬಿಟ್ಟ. “ಅಕ್ಕಾರೆ, ಬೋಲ್ಟಿಗೂ ಯೂನಿಫಾರಂ ಹಾಕ್ಸಿದ್ರೇನ್ರಿ? ಯಾವುದು ಎಲ್ಲೀದು ಅಂತ ಹೆಂಗೆ ಹುಡುಕ್ಲಿ?” ನನಗೆ ಅಳುವೇ ಬಂತು. ಆ ಗಾಡಿ ಮಾವನವರ ಪ್ರಾಣ. ಅವರಿಗೆ ಗೊತ್ತಾದರೆ ನನ್ನ ಗತಿ?

ನಾಲ್ಕು ದಿನ ಆತ ಒಂದೊಂದನ್ನೂ ತಿರುಗಿಸಿ ನೋಡಿ ಅದರ ಜಾಗ ಹುಡುಕಿದ. “ಯಾಕಪ್ಪಾ ಇಷ್ಟು ತಡ?” ಎಂದು ಮಾವ ರೇಗಿದರು. ಆತ ತಲೆ ಎತ್ತದೆ, “ಬೋಲ್ಟೆಲ್ಲಾ ನಾನೇ ಕಲಸಿಬಿಟ್ಟೆ ಯಜಮಾನ್ರೆ, ವಯಸ್ಸಾತು ನೋಡ್ರಿ,” ಎಂದ. ಆತನಿಗಿನ್ನೂ ಮೂವತ್ತೈದೂ ಆಗಿರಲಿಲ್ಲ.

ಐದನೇ ದಿನ ಎಂಜಿನ್ ಸ್ಟಾರ್ಟ್ ಆಯಿತು. ಮಾವ ಮುಖವೆಲ್ಲ ಅರಳಿಸಿಕೊಂಡು, “ಬಾರಮ್ಮ, ಮೊದಲು ನೀನೇ ಹತ್ತು,” ಎಂದರು. ನಾನು ಹಗುರಾಗಿ ಹತ್ತಿ ಕೂತೆ. ಆತ ಬನಿಯನ್‌ಗೆ ಕೈ ಒರೆಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ. ಒಂದು ಥ್ಯಾಂಕ್ಸ್ ಕೂಡ ಹೇಳಲಾಗಲಿಲ್ಲ. ಹೇಳಿದ್ದರೆ ಗುಟ್ಟು ರಟ್ಟಾಗುತ್ತಿತ್ತು.