ಎರಡು ಕೈ ಚಾಚಿದ ದೋಣಿಯವನು

ನನ್ನ ಕಾದಂಬರಿಯ ಇಪ್ಪತ್ತಮೂರನೇ ಅಧ್ಯಾಯದಲ್ಲಿ ದೋಣಿಯವನ ಮಗನಾದ ಒಬ್ಬ ದೋಣಿಯವನು ರಾಜ್ಯದ ದೊಡ್ಡ ಪರೀಕ್ಷೆ ಪಾಸು ಮಾಡಿ, ದೊರೆಯ ಕೈಯಿಂದ ಅಧಿಕಾರದ ಮುದ್ರೆ ತೆಗೆದುಕೊಳ್ಳುತ್ತಾನೆ. ಆ ಒಂದು ಪುಟಕ್ಕೋಸ್ಕರವೇ ನಾನು ಮಿಕ್ಕ ನಾನೂರು ಪುಟ ಬರೆದದ್ದು. ಪುಸ್ತಕ ಅಚ್ಚಿಗೆ ಹೋಗೋಕೆ ಎರಡು ವಾರ ಇದೆ ಅನ್ನುವಾಗ ಆ ಪುಟವೇ ತಪ್ಪು ಅಂತ ಗೊತ್ತಾಯಿತು.

ಚೀನಾ ದೇಶವನ್ನು ನಾನು ಕಣ್ಣಲ್ಲಿ ಕಂಡವನಲ್ಲ. ಕೆಲಸ ಐರ್ಲೆಂಡಿನ ಗಾಲ್ವೇಯ ಪಾರ್ಕ್‌ಮೋರ್‌ನಲ್ಲಿ, ಆಪರೇಷನ್‌ಗೆ ಬೇಕಾದ ಸಣ್ಣ ಸಲಕರಣೆ ಮಾಡುವ ಕಂಪನಿಯ ಕ್ವಾಲಿಟಿ ವಿಭಾಗದಲ್ಲಿ. ಒಂದು ಭಾನುವಾರ ಮಳೆ ನಿಲ್ಲಲಿ ಅಂತ ಲೈಬ್ರರಿಯಲ್ಲಿ ಕೂತಿದ್ದಾಗ ಆ ದೇಶದ ಹಳೇ ಪರೀಕ್ಷೆಗಳ ಬಗ್ಗೆ ಓದಿದೆ. ಬರೆಯುವವರನ್ನು ದಿನಗಟ್ಟಲೆ ಸಣ್ಣ ಸಣ್ಣ ಗೂಡುಗಳಲ್ಲಿ ಕೂರಿಸುತ್ತಿದ್ದರಂತೆ. ಊಟ, ಮಸಿ ಅವರೇ ತರಬೇಕು. ಉತ್ತರದ ಮೇಲಿನ ಹೆಸರನ್ನು ಮುಚ್ಚುತ್ತಿದ್ದರಂತೆ. ಕೈಬರಹದ ಗುರುತು ಸಿಗಬಾರದು ಅಂತ ಬೇರೆಯವರ ಕೈಲಿ ಎಲ್ಲವನ್ನೂ ನಕಲು ಮಾಡಿಸುತ್ತಿದ್ದರಂತೆ. ಓದಿ ನನಗೆ ಕೂರೋಕಾಗಲಿಲ್ಲ, ಎದ್ದು ಓಡಾಡಿದೆ. ಯಾಕೆಂದರೆ ನನ್ನನ್ನು ಇಂಟರ್‌ವ್ಯೂ ಮಾಡಿದವರೆಲ್ಲ ಮೊದಲು ಕೇಳುತ್ತಿದ್ದದ್ದು, ಅಪ್ಪ ಏನು ಮಾಡ್ತಾರೆ ಅಂತ.

ಅಪ್ಪ ಮೈಸೂರಿನಲ್ಲಿ ಹೊಂಗೆ ಮರದ ಕೆಳಗೆ ಇಸ್ತ್ರಿ ಗಾಡಿ ಇಟ್ಟಿದ್ದರು. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ಇದನ್ನು ನಾಚಿಕೆ ಇಲ್ಲದೆ ಹೇಳುತ್ತೇನೆ, ಸುಲಭಕ್ಕೆ ಬಂದದ್ದಲ್ಲ ಅದು.

ಹಾಗೆ ಹುಟ್ಟಿದ್ದು ನನ್ನ ರಾಜ್ಯ. ಒಂಬತ್ತು ಪಾಳೆಯಗಾರರು ಕಚ್ಚಾಡುವ ನಾಡು. ಅದರ ನದಿಯ ತಳದಲ್ಲಿ ಕೊಂಬಿನ ಮಳೆಹಾವು ಮಲಗಿದೆ. ಡ್ರ್ಯಾಗನ್ ಅಂತ ಬರೆಯೋಕೆ ಮನಸ್ಸಾಗದೆ ಈ ಹೆಸರು ನಾನೇ ಕಟ್ಟಿದ್ದು. ಅದು ಉದುರಿಸಿದ ಕೊಂಬಿನಲ್ಲಿ ಆ ಮುದ್ರೆ ಕೆತ್ತಿದ್ದಾರೆ. ಅದು ಯಾರ ಕೈಲಿದೆಯೋ ಅವರ ಮಾತನ್ನು ಮಳೆ ಕೇಳುತ್ತದೆ.

ಕತೆಯ ಮೊದಲ ಕೇಳುಗರು ನನ್ನ ಪಕ್ಕದ ಮೇಜಿನ ಸಹೋದ್ಯೋಗಿ, ಚೀನಾದಿಂದ ಬಂದು ಇಪ್ಪತ್ತು ವರ್ಷ ಇಲ್ಲೇ ಇರುವ ಹೆಂಗಸು. ಕನ್ನಡ ಬಾರದು, ಅದಕ್ಕೆ ಕ್ಯಾಂಟೀನಿನಲ್ಲಿ ದಿನಕ್ಕಿಷ್ಟು ಅಂತ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ನಾಲ್ಕನೇ ಅಧ್ಯಾಯದಲ್ಲಿ ಊರವರು ಮಳೆಹಾವಿಗೆ ಹಾಲೆರೆದಾಗ ಅವರು ನಕ್ಕೂ ನಕ್ಕೂ ಸೂಪು ಚೆಲ್ಲಿಕೊಂಡರು. ಅದೇನು ಬೆಕ್ಕಾ, ಅಂದರು. ಹುತ್ತಕ್ಕೆ ಹಾಲೆರೆಯುವ ಊರಿನವನು ನಾನು, ಬೇರೇನು ಬರೆದೇನು. ಹಾಲು ತೆಗೆದೆ.

ಮುದ್ರೆಯ ದೃಶ್ಯ ಹೇಳಿದ ದಿನ ಮಾತ್ರ ಅವರು ನಗಲಿಲ್ಲ. ದೋಣಿಯವನು ಬೆನ್ನು ನೆಟ್ಟಗೆ ಮಾಡಿ, ಬಲಗೈ ಒಂದನ್ನೇ ಚಾಚಿ ಮುದ್ರೆ ಹಿಡಿಯುತ್ತಾನೆ. ದೊರೆ ಅವನ ಧೈರ್ಯ ಮೆಚ್ಚಿ ಮಂತ್ರಿ ಮಾಡುತ್ತಾನೆ.

"ಒಂದೇ ಕೈಲಾ?" ಅಂದರು.

ಬಲಗೈ, ಅಂತ ಒತ್ತಿ ಹೇಳಿದೆ. ಎಡಗೈ ಮುಟ್ಟಿಸುವಷ್ಟು ತಿಳಿಗೇಡಿ ನಾನಲ್ಲ.

"ಹಾಗಾದ್ರೆ ನಿನ್ನ ದೋಣಿಯವನು ಮಂತ್ರಿ ಆಗಲ್ಲ. ಕಾವಲಿನವರು ಅಲ್ಲಿಂದಲೇ ಆಚೆ ಹಾಕ್ತಾರೆ."

ವಿಸಿಟಿಂಗ್ ಕಾರ್ಡನ್ನೂ ತಮ್ಮಲ್ಲಿ ಎರಡು ಕೈಯಲ್ಲಿ ಕೊಟ್ಟು ಎರಡು ಕೈಯಲ್ಲಿ ತೆಗೆದುಕೊಳ್ಳುತ್ತಾರೆ ಅಂತ ವಿವರಿಸಿದರು. ಒಂದು ಕೈ ಅಂದರೆ ತಾತ್ಸಾರ. ನಾನು ಬಿಡಲಿಲ್ಲ. ಇದು ಕಟ್ಟುಕತೆ, ರಾಜ್ಯ ನನ್ನದು, ಕಾನೂನೂ ನನ್ನದು ಅಂದೆ.

"ರಾಜ್ಯ ನಿಂದೇ, ಗ್ರ್ಯಾಂಡ್, ಒಪ್ಪಿದೆ. ಆದ್ರೆ ಪಾತ್ರೆ ಪಡಗ ಎಲ್ಲಾ ನಮ್ಮನೆಯಿಂದ ತಗೊಂಡು ಹೋಗಿದ್ದೀಯಲ್ಲ," ಅಂದು ತಟ್ಟೆ ಎತ್ತಿಕೊಂಡು ಹೋದರು.

ಪ್ರಕಾಶಕರು ಇಡೀ ಪುಸ್ತಕದಲ್ಲಿ ಹೆಚ್ಚು ಮೆಚ್ಚಿದ್ದು ಅದೇ ದೃಶ್ಯ. ಮುಖಪುಟಕ್ಕೂ ಚಾಚಿದ ಬಲಗೈಯನ್ನೇ ಬರೆಸಿದ್ದರು. ಅದನ್ನು ಬದಲಿಸಿದರೆ ನನ್ನ ದೋಣಿಯವನ ತಲೆ ತಗ್ಗುತ್ತದೆ, ಕತೆಯ ಬೆನ್ನೇ ಮುರಿಯುತ್ತದೆ ಅನ್ನುವ ಭಯ ನನಗೆ.

ಆ ಭಯ ಎಲ್ಲಿಂದ ಬಂತು ಅಂತಲೂ ಗೊತ್ತಿತ್ತು. ಕಾಲೇಜಿನಲ್ಲಿದ್ದಾಗ ಒಮ್ಮೆ ಅಪ್ಪನ ಜೊತೆ ಸೈಕಲ್ ತಳ್ಳಿಕೊಂಡು ಒಂದು ಮನೆಗೆ ಬಟ್ಟೆ ಕೊಡೋಕೆ ಹೋಗಿದ್ದೆ. ಬಾಗಿಲು ತೆಗೆದವನು ನನ್ನ ಕ್ಲಾಸ್‌ಮೇಟ್. ಅಪ್ಪ ಎರಡು ಕೈ ಚಾಚಿ, ಮುಂಗೈ ಮೇಲೆ ಅಂಗಿಗಳನ್ನು ಹೊತ್ತು ನಿಂತಿದ್ದರು. ಅವನು ಫೋನಿನಲ್ಲಿ ಮಾತಾಡುತ್ತಲೇ ಒಂದು ಕೈಯಲ್ಲಿ ಎಳೆದುಕೊಂಡ. ನಾನು ಯಾರ ಮುಂದೆಯೂ ಹೀಗೆ ಎರಡು ಕೈ ಚಾಚುವುದಿಲ್ಲ ಅಂತ ಅವತ್ತೇ ಅಂದುಕೊಂಡೆ. ದೋಣಿಯವನ ಕೈಲೂ ಚಾಚಿಸಲಿಲ್ಲ.

ಮುದ್ರೆಯ ಈ ಮಾತು ನಡೆದಾಗ ಅಪ್ಪ ಮೂರು ತಿಂಗಳ ವೀಸಾದ ಮೇಲೆ ಇಲ್ಲಿ ನಮ್ಮನೆಗೇ ಬಂದಿದ್ದರು. ಬೇಡ ಅಂದರೂ ಮನೆಯವರ ಬಟ್ಟೆಯೆಲ್ಲ ಇಸ್ತ್ರಿ ಮಾಡೋರು. ಇಲ್ಲಿನ ಸ್ಟೀಮ್ ಇಸ್ತ್ರಿಪೆಟ್ಟಿಗೆಗೆ ತೂಕವೇ ಇಲ್ಲ, ಬಟ್ಟೆ ಮೇಲೆ ಇಲಿ ಓಡಿದಂಗೆ ಓಡುತ್ತೆ ಅಂತ ದಿನವೂ ಬೈಯೋರು. ಕ್ಯಾಂಟೀನಿನ ಆ ಮಾತಾದ ಮಾರನೇ ಬೆಳಗ್ಗೆ ನನ್ನ ಆಫೀಸಿನ ಅಂಗಿ ತಂದುಕೊಟ್ಟರು. ಎರಡು ಕೈ ಚಾಚಿ, ಮುಂಗೈ ಮೇಲೆ. ನಾನು ಒಂದು ಕೈ ಹಾಕಿ ಕಾಲರ್ ಹಿಡಿದೆ. ಹಿಡಿದ ಮೇಲೆ ನನಗೇ ಹೆಂಗೋ ಆಯಿತು. ಕೊಡೋದಾದರೆ ಒಂದು ಕೈಯಲ್ಲೇ ಕೊಡಿ ಅಪ್ಪಾ, ನಾನು ಯಾವನೋ ಸಾಹೇಬನಲ್ಲ, ಅಂದೆ.

ಅಪ್ಪ ನನ್ನನ್ನೇ ನೋಡಿದರು. "ಒಂದ್ ಕೈಲಿ ಕೊಟ್ರೆ ಮಡಿಕೆ ಕೆಡ್ತದೆ ಕಣೋ. ಇಷ್ಟ್ ವರ್ಷ ನಾನು ಕೈ ಒಡ್ಡಿದ್ದೆ ಅಂದ್ಕೊಂಡಿದ್ಯಾ? ನನ್ ಕೆಲ್ಸ ನೋಡ್ಕೊಳ್ಳಿ ಅಂತ ತೋರಿಸ್ತಿದ್ದೆ."

ಅಷ್ಟು ಹೇಳಿ, ನಾನು ಹಿಡಿದ ಕಡೆ ಸುಕ್ಕಾಗಿದೆ ಅಂತ ಅಂಗಿಯನ್ನು ವಾಪಸ್ಸು ತೆಗೆದುಕೊಂಡು ಹೋದರು.

ಅವತ್ತು ರಜೆ ಹಾಕಿ ಆ ಪುಟ ಮತ್ತೆ ಬರೆದೆ. ದೊರೆ ಅಸಡ್ಡೆಯಿಂದ ಒಂದು ಕೈಯಲ್ಲಿ ಮುದ್ರೆ ನೀಡುತ್ತಾನೆ. ದೋಣಿಯವನು ಬೆನ್ನು ನೆಟ್ಟಗೇ ಇಟ್ಟು ಎರಡೂ ಕೈ ಚಾಚುತ್ತಾನೆ, ಆದರೆ ಮುದ್ರೆ ಮುಟ್ಟುವುದಿಲ್ಲ. ಕಾಯುತ್ತಾನೆ. ಸಭೆಯೆಲ್ಲ ನೋಡುತ್ತಿರುವಾಗ ದೊರೆಯ ಇನ್ನೊಂದು ಕೈ ನಿಧಾನಕ್ಕೆ ನಿಲುವಂಗಿಯ ಉದ್ದ ತೋಳಿನಿಂದ ಹೊರಗೆ ಬರುತ್ತದೆ. ಆಮೇಲಷ್ಟೇ ತೆಗೆದುಕೊಳ್ಳುತ್ತಾನೆ. ನದಿಯ ತಳದಲ್ಲಿ ಮಳೆಹಾವು ಮಗ್ಗುಲು ಬದಲಿಸುತ್ತದೆ. ನಾನು ಬರೆದದ್ದರಲ್ಲಿ ಇದಕ್ಕಿಂತ ಒಳ್ಳೆಯ ಪುಟ ಇಲ್ಲ.

ಪ್ರಕಾಶಕರು ಫೋನಿನಲ್ಲಿ ಗೊಣಗಿದರು, ಮೊದಲಿನದರಲ್ಲಿ ಪವರ್ ಇತ್ತು ಅಂದರು. ಇನ್ನೊಂದು ಸಲ ಓದಿ ಅಂದೆ. ಎರಡು ದಿನ ಬಿಟ್ಟು ಮುಖಪುಟ ಮತ್ತೆ ಬರೆಸಿದರು.

ಪುಸ್ತಕದ ಪಾರ್ಸೆಲ್ ಬಂದ ಮಾರನೇ ದಿನ ಒಂದು ಪ್ರತಿಯನ್ನು ಕ್ಯಾಂಟೀನಿಗೆ ತೆಗೆದುಕೊಂಡು ಹೋಗಿ, ಇದರಲ್ಲಿ ಒಂದಕ್ಷರವೂ ಬಾರದ ನನ್ನ ಸಹೋದ್ಯೋಗಿಗೆ ಕೊಟ್ಟೆ. ಅವರು ಎರಡೂ ಕೈ ಮುಂದೆ ಚಾಚಿದರು. ಆದರೆ ತೆಗೆದುಕೊಳ್ಳಲಿಲ್ಲ, ಹಾಗೇ ನನ್ನ ಮುಖ ನೋಡುತ್ತಾ ಕೂತರು. ನೋಡಿಕೊಂಡರೆ ನಾನು ಪುಸ್ತಕ ನೀಡಿದ್ದು ಬಲಗೈ ಒಂದರಲ್ಲಿ, ಎಡಗೈಯಲ್ಲಿ ಟೀ ಲೋಟ.

ಲೋಟ ಕೆಳಗಿಟ್ಟೆ.